ಒಂದೂವರೆ ಮೊಳದ ಹಲಗೆ: ಮಾಂತೆನ್ಯಾನ ಸಂತ ಸೆಬಾಸ್ಟಿಯನ್ ಚಿತ್ರದ ಮುಂದೆ ಪ್ರಾರ್ಥಿಸುವುದು ಸಾಧ್ಯವಿತ್ತೇ?

ದಾರಿಹೋಕ:

ಮಾನ್ಯ ಸದಸ್ಯರಿಗೆ ನಮಸ್ಕಾರ. ಕಳೆದ ವರ್ಷ ಕೆಲಸದ ನಿಮಿತ್ತ ವಿಯೆನ್ನಾಕ್ಕೆ ಹೋಗಿದ್ದಾಗ ಅರ್ಧ ದಿನದ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಅಲ್ಲಿನ ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂಗೆ ಹೋಗಿ, ಬಹುಕಾಲದಿಂದ ಪುಸ್ತಕಗಳಲ್ಲಿ ಮಾತ್ರ ಕಂಡಿದ್ದ ಒಂದು ಚಿತ್ರವನ್ನು ನೋಡಿದೆ. 15ನೆಯ ಶತಮಾನದ ಇಟಲಿಯ ಚಿತ್ರಕಾರ ಆಂದ್ರೇಯಾ ಮಾಂತೆನ್ಯಾ ಬರೆದ ಸಂತ ಸೆಬಾಸ್ಟಿಯನ್ ಅದು. ಪುಸ್ತಕದಲ್ಲಿ ಇಡೀ ಪುಟವನ್ನು ತುಂಬಿಕೊಂಡಿರುತ್ತಿದ್ದ ಚಿತ್ರವಾದ್ದರಿಂದ ಆಳೆತ್ತರದ್ದಿರಬೇಕೆಂದು ಎಣಿಸಿದ್ದೆ. ಎದುರಿಗಿದ್ದದ್ದು 68 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲದ ಒಂದು ಮರದ ಹಲಗೆ. ನಮ್ಮ ಹಳೆಯ ಅಳತೆಯಲ್ಲಿ ಹೇಳುವುದಾದರೆ ಒಂದೂವರೆ ಮೊಳ ಉದ್ದ, ಒಂದು ಅಡಿ ಅಗಲ.

ಮುರಿದು ನಿಂತ ರೋಮನ್ ಕಮಾನೊಂದರ ಕಂಬಕ್ಕೆ ಸಂತನನ್ನು ಕಟ್ಟಿದ್ದಾರೆ. ಮೈಯಲ್ಲಿ ಬಾಣಗಳು ನೆಟ್ಟಿವೆ, ತಲೆಯನ್ನೂ ಬಾಣ ಬಿಟ್ಟಿಲ್ಲ. ಕಣ್ಣು ಮೇಲಕ್ಕೆ ತಿರುಗಿದೆ. ಇಷ್ಟನ್ನು ನೋಡಿ ಮನಸ್ಸು ಕರಗಬೇಕಿತ್ತು. ಆದರೆ ನನ್ನ ಕಣ್ಣು ಸಂತನ ಮೇಲೆ ನಿಲ್ಲದೆ ಕಲ್ಲುಗಳ ಮೇಲೆ ಓಡಾಡಿತು. ಕಮಾನಿನ ಕೆತ್ತನೆ, ಕೆಳಗೆ ಬಿದ್ದ ಮೂರ್ತಿಗಳ ಚೂರುಗಳು, ಚೌಕಚೌಕದ ನೆಲಹಾಸು ಎಲ್ಲವೂ ಸಂತನಷ್ಟೇ ಶ್ರದ್ಧೆಯಿಂದ, ಒಮ್ಮೊಮ್ಮೆ ಅವನಿಗಿಂತ ಹೆಚ್ಚು ಪ್ರೀತಿಯಿಂದ ಬರೆದಂತಿವೆ. ಎಡಗಡೆಯ ಮೇಲ್ಭಾಗದ ಮೋಡದೊಳಗೆ ಒಬ್ಬ ಕುದುರೆ ಸವಾರ ಅಡಗಿದ್ದಾನೆ. ಇವೆಲ್ಲ ಸಾಲದೆಂಬಂತೆ ಸಂತನ ಪಕ್ಕದ ಕಂಬದ ಮೇಲೆ ಗ್ರೀಕ್ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಕೆತ್ತಿದಂತೆ ಬರೆದಿದೆ: ‘ತೊ ಎರ್ಗೊನ್ ತೂ ಆಂದ್ರೆಯೂ’, ಅಂದರೆ ‘ಆಂದ್ರೇಯನ ಕೃತಿ’.

ಬಾಣ ಹೊಕ್ಕು ನರಳುತ್ತಿರುವವನ ಪಕ್ಕದಲ್ಲೇ ಕಲಾವಿದ ತನ್ನ ಹೆಸರನ್ನು, ಅದೂ ಹೆಚ್ಚಿನವರಿಗೆ ಓದಲು ಬಾರದ ಭಾಷೆಯಲ್ಲಿ ಬರೆದುಕೊಳ್ಳುವುದು ಭಕ್ತಿಯ ಲಕ್ಷಣವೇ? ಇದನ್ನು ಭಕ್ತಿಚಿತ್ರವೆಂದು ಕರೆಯುವುದು ಕೇವಲ ವಾಡಿಕೆಯೇ, ಅಥವಾ ಇದರ ಮುಂದೆ ಯಾರಾದರೂ ನಿಜವಾಗಿ ಕೈಮುಗಿದಿದ್ದರೇ? ತಿಳಿದವರು ದಯವಿಟ್ಟು ಬರೆಯಬೇಕು.

ಕಡಲಕರೆ:

ದಾರಿಹೋಕರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಬರುವ ಮೊದಲು ಒಂದು ತಿದ್ದುಪಡಿಯ ಅಗತ್ಯವಿದೆ. ನೀವು ಕಂಡದ್ದು ಸೆಬಾಸ್ಟಿಯನ್ ಸಾಯುತ್ತಿರುವ ಚಿತ್ರವಲ್ಲ. ಬಾಣಗಳಿಂದ ಅವನು ಸಾಯಲಿಲ್ಲ.

ದಂತಕಥೆಯ ಪ್ರಕಾರ ಅವನು ಚಕ್ರವರ್ತಿ ಡಯೊಕ್ಲೀಷಿಯನ್‌ನ ಅಂಗರಕ್ಷಕ ಪಡೆಯ ಅಧಿಕಾರಿ. ಗುಟ್ಟಾಗಿ ಕ್ರೈಸ್ತನಾಗಿದ್ದು, ಸೆರೆಯಲ್ಲಿದ್ದ ಕ್ರೈಸ್ತರಿಗೆ ಧೈರ್ಯ ತುಂಬುತ್ತಿದ್ದ. ವಿಷಯ ಹೊರಬಿದ್ದಾಗ ಅವನನ್ನು ಕಟ್ಟಿಹಾಕಿ ಬಾಣ ಬಿಡುವಂತೆ ಅಪ್ಪಣೆಯಾಯಿತು. 13ನೆಯ ಶತಮಾನದಲ್ಲಿ ಯಾಕೊಬುಸ್ ದೆ ವೊರಾಜಿನೆ ಸಂಗ್ರಹಿಸಿದ ಸಂತರ ಕಥೆಗಳಲ್ಲಿ ಅವನ ಮೈ ಮುಳ್ಳುಹಂದಿಯಂತೆ ಕಾಣುವಷ್ಟು ಬಾಣಗಳು ನೆಟ್ಟಿದ್ದವೆಂಬ ಮಾತಿದೆ. ಸತ್ತನೆಂದು ಬಿಟ್ಟುಹೋದ ಮೇಲೆ ಐರೀನ್ ಎಂಬ ವಿಧವೆ ಹೆಣ ಹೂಳಲೆಂದು ಬಂದಳು. ಉಸಿರಾಡುತ್ತಿದ್ದುದನ್ನು ಕಂಡು ಮನೆಗೊಯ್ದು ಶುಶ್ರೂಷೆ ಮಾಡಿದಳು. ಚೇತರಿಸಿಕೊಂಡ ಸೆಬಾಸ್ಟಿಯನ್ ಊರು ಬಿಟ್ಟು ಓಡಿಹೋಗಲಿಲ್ಲ. ಚಕ್ರವರ್ತಿಯ ಎದುರಿಗೇ ಹೋಗಿ ನಿಂತು ಅವನ ಕ್ರೌರ್ಯವನ್ನು ಖಂಡಿಸಿದ. ಆಗ ಅವನನ್ನು ದೊಣ್ಣೆಗಳಿಂದ ಹೊಡೆದು ಕೊಂದು ರೋಮಿನ ದೊಡ್ಡ ಚರಂಡಿಗೆ ಎಸೆದರು.

ನಿಜವಾದ ಸಾವನ್ನು, ಅಂದರೆ ದೊಣ್ಣೆ ಏಟಿನ ಸಾವನ್ನು, ಚಿತ್ರಕಾರರು ಬರೆದದ್ದು ಬಹಳ ಕಡಿಮೆ. ಎಲ್ಲರೂ ಹಿಡಿದದ್ದು ಬಾಣಗಳ ಘಳಿಗೆಯನ್ನೇ. ಮಹಾಮಾರಿಯ ಕಾಲದ ಜನರಿಗೆ ಬೇಕಾಗಿದ್ದವನು ಬಾಣಗಳು ಹೊಕ್ಕರೂ ಬದುಕಿದವನು. ಸಾಯದೆ ನಿಂತಿರುವ ಈ ಮೈಯೇ ಅವರ ಹರಕೆಗೆ ಆಧಾರವಾಗಿತ್ತು. ನೀವು ಕೇಳಿದ ‘ಮನಸ್ಸು ಕರಗುವ’ ಭಕ್ತಿ ಒಂದು ಬಗೆಯದು. ‘ಇವನು ತಡೆದುಕೊಂಡನಲ್ಲ, ನಮ್ಮನ್ನೂ ಕಾಯಲಿ’ ಎಂಬುದು ಇನ್ನೊಂದು ಬಗೆಯದು.

ನಾನು ಮಂಗಳೂರಿನ ಕಡೆಯವಳು. ನಮ್ಮಲ್ಲಿ ಬೆಂದೂರು, ಪೆರ್ಮನ್ನೂರು ಇಗರ್ಜಿಗಳು (ಚರ್ಚುಗಳು) ಇವನ ಹೆಸರಿನವೇ; ಕೊಂಕಣಿಯಲ್ಲಿ ಸಾಂ ಸೆಬೆಸ್ತ್ಯಾಂವ್ ಎನ್ನುತ್ತೇವೆ. ಅವನ ಹಬ್ಬ ಜನವರಿ 20ಕ್ಕೆ. ಕೇರಳದ ತ್ರಿಶ್ಶೂರಿನ ಸುತ್ತಮುತ್ತ ಅದೇ ಹಬ್ಬವನ್ನು ‘ಅಂಬು ಪೆರುನ್ನಾಳ್’ ಎಂದು ಕರೆದು, ಬಾಣವನ್ನು ಮನೆಮನೆಗೆ ಒಯ್ಯುತ್ತಾರೆ. ನನ್ನ ಅಜ್ಜಿಯ ಕೋಣೆಯ ಗೋಡೆಯ ಮೇಲೆ ಅವನ ಒಂದು ಅಗ್ಗದ ಮುದ್ರಿತ ಪಟವಿತ್ತು. ಅಜ್ಜಿ ಅದರ ಬಾಣಗಳನ್ನು ಬೆರಳಿನಿಂದ ಮುಟ್ಟಿ ಒಂದೊಂದಕ್ಕೂ ಒಬ್ಬೊಬ್ಬ ಮೊಮ್ಮಗುವಿನ ಹೆಸರು ಹೇಳುತ್ತಿದ್ದರು. ಪಟ ಸುಂದರವಾಗಿತ್ತೇ ಎಂದು ಅವರು ಎಂದೂ ಯೋಚಿಸಿರಲಿಕ್ಕಿಲ್ಲ.

ಹಳೆಯ ನಾಣ್ಯ:

ಕಡಲಕರೆ ಮೇಡಂ ಹೇಳಿದ್ದಕ್ಕೆ ಕಾಲ-ದೇಶಗಳನ್ನು ಸೇರಿಸುತ್ತೇನೆ.

ಮಾಂತೆನ್ಯಾ ಹುಟ್ಟಿದ್ದು ಸುಮಾರು 1431ರಲ್ಲಿ, ಪಾದುವಾದ ಸಮೀಪದ ಹಳ್ಳಿಯೊಂದರಲ್ಲಿ. ಬಡಗಿಯ ಮಗ. ಹತ್ತು ಹನ್ನೊಂದನೆಯ ವಯಸ್ಸಿಗೇ ಫ್ರಾಂಚೆಸ್ಕೊ ಸ್ಕ್ವಾರ್ಚೋನೆ ಎಂಬ ಗುರುವಿನ ಕಾರ್ಯಾಗಾರ ಸೇರಿದ. ಈ ಗುರು ಸ್ವತಃ ದೊಡ್ಡ ಚಿತ್ರಕಾರನೇನಲ್ಲ. ಆದರೆ ಹಳೆಯ ರೋಮನ್ ಶಿಲ್ಪಗಳನ್ನೂ ಅವುಗಳ ಅಚ್ಚುಗಳನ್ನೂ ಕೂಡಿಹಾಕಿ, ಹುಡುಗರಿಂದ ಅವುಗಳನ್ನು ನಕಲು ಮಾಡಿಸುತ್ತಿದ್ದ. ಶಿಷ್ಯ ಬೆಳೆದು ಸ್ವತಂತ್ರನಾಗಿ, 1453ರಲ್ಲಿ ವೆನಿಸ್‌ನ ಚಿತ್ರಕಾರ ಯಾಕೊಪೊ ಬೆಲ್ಲಿನಿಯ ಮಗಳು ನಿಕೊಲೊಸಿಯಾಳನ್ನು ಮದುವೆಯಾದ. ಬೆಲ್ಲಿನಿಯ ಮನೆಯವರು ಗುರುವಿಗೆ ಪ್ರತಿಸ್ಪರ್ಧಿಗಳು. ಆಗ ಸಿಟ್ಟಾದ ಗುರು, ‘ಇವನ ಮನುಷ್ಯರು ಮನುಷ್ಯರಂತಿಲ್ಲ, ಅಮೃತಶಿಲೆಯ ಬೊಂಬೆಗಳಂತಿದ್ದಾರೆ, ಮೈಬಣ್ಣದ ಬದಲು ಕಲ್ಲಿನ ಬಣ್ಣವನ್ನೇ ಬಳಿದಿದ್ದರೆ ಚೆನ್ನಾಗಿತ್ತು’ ಎಂಬರ್ಥದ ಟೀಕೆ ಮಾಡಿದನೆಂದು, ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ ಹೇಳುತ್ತಾನೆ. ದಾರಿಹೋಕರ ಆಕ್ಷೇಪಣೆ ಆ ಗುರುವಿನಷ್ಟೇ ಹಳೆಯದು ಎಂಬುದನ್ನು ಗಮನಿಸಬೇಕು.

ಈ ಚಿತ್ರದ ಕಾಲವನ್ನು ಸಾಮಾನ್ಯವಾಗಿ 1456–59ರ ನಡುವೆ ಇಡುತ್ತಾರೆ. 1456–57ರಲ್ಲಿ ಪಾದುವಾದಲ್ಲಿ ಪ್ಲೇಗ್ ಹರಡಿತ್ತು. ಮಾಂತುವಾದ ದೊರೆ ಲುದೊವಿಕೊ ಗೊನ್ಜಾಗಾ ಮಾಂತೆನ್ಯಾನನ್ನು ತನ್ನ ಆಸ್ಥಾನಕ್ಕೆ ಕರೆಯುತ್ತಲೇ ಇದ್ದ. ಇವನು ಒಂದಲ್ಲ ಒಂದು ಕೆಲಸದ ನೆವ ಹೇಳಿ ಮುಂದೂಡುತ್ತಲೇ ಇದ್ದ. ಪಾದುವಾದ ಅಧಿಕಾರಿ ಯಾಕೊಪೊ ಆಂತೊನಿಯೊ ಮಾರ್ಚೆಲ್ಲೊಗಾಗಿ ಒಂದು ‘ಸಣ್ಣ ಕೃತಿ’ಯನ್ನು ಮುಗಿಸಿಕೊಡಲು 1459ರಲ್ಲಿ ದೊರೆ ಇನ್ನಷ್ಟು ಗಡುವು ಕೊಟ್ಟ. ಆ ಸಣ್ಣ ಕೃತಿಯೇ ವಿಯೆನ್ನಾದ ಈ ಹಲಗೆ ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಊಹೆಯೇ ಹೊರತು ದಾಖಲೆಯಲ್ಲ. ಆದರೆ ಅಳತೆ, ಕಾಲ, ಗ್ರೀಕ್ ಸಹಿ ಮೂರೂ ಅದಕ್ಕೆ ಒಗ್ಗುತ್ತವೆ. ಮಾರ್ಚೆಲ್ಲೊ ಪಂಡಿತರನ್ನು ಪೋಷಿಸುತ್ತಿದ್ದ ವೆನಿಸ್‌ನ ಶ್ರೀಮಂತ. ಇಂಥವನ ಖಾಸಗಿ ಕೋಣೆಯಲ್ಲಿ ಗ್ರೀಕ್ ಅಕ್ಷರ ಯಾರನ್ನೂ ಹೊರಗಿಡುತ್ತಿರಲಿಲ್ಲ.

ಕಲ್ಲುಗಳ ವಿಷಯಕ್ಕೆ ಬಂದರೆ, ಅವು ಸುಮ್ಮನೆ ಅಲಂಕಾರಕ್ಕೆ ಬಿದ್ದವಲ್ಲ. ಅದೇ ದಂತಕಥೆಯಲ್ಲಿ ರೋಮಿನ ಆಡಳಿತಾಧಿಕಾರಿ ಕ್ರೊಮಾಟಿಯಸ್‌ನ ಪ್ರಸಂಗವಿದೆ. ಕಾಯಿಲೆ ಬಿದ್ದ ಅವನಿಗೆ ಸೆಬಾಸ್ಟಿಯನ್, ‘ಮನೆಯಲ್ಲಿರುವ ವಿಗ್ರಹಗಳನ್ನು ಒಡೆದರೆ ವಾಸಿಯಾಗುತ್ತದೆ’ ಎನ್ನುತ್ತಾನೆ. ಇನ್ನೂರಕ್ಕೂ ಹೆಚ್ಚು ವಿಗ್ರಹಗಳು ಒಡೆಯಲ್ಪಡುತ್ತವೆ. ಆದ್ದರಿಂದ ಸಂತನ ಕಾಲ ಬಳಿ ಬಿದ್ದಿರುವ ತಲೆ, ಕೈಕಾಲುಗಳ ಚೂರುಗಳು ಅವನ ಕಥೆಯ ಒಳಗಿನವೇ. ಒಡೆದ ದೇವರುಗಳ ನಡುವೆ ಒಡೆಯದೆ ನಿಂತವನು ಎಂಬುದು ಚಿತ್ರದ ಮಾತು.

ಆದರೂ ದಾರಿಹೋಕರ ಕಣ್ಣು ಕಂಡದ್ದನ್ನು ನಾನು ಅಲ್ಲಗಳೆಯಲಾರೆ. ಒಡೆಯಬೇಕಾದ ವಿಗ್ರಹಗಳನ್ನು ಇಷ್ಟು ಮುದ್ದಿನಿಂದ ಬರೆದವನು ಮಾಂತೆನ್ಯಾ. 1506ರಲ್ಲಿ, ಸಾಲದ ಒತ್ತಡದಲ್ಲಿದ್ದ ಈ ಮುದುಕ ತಾನು ಪ್ರಾಣದಂತೆ ಇಟ್ಟುಕೊಂಡಿದ್ದ ರೋಮನ್ ಸಾಮ್ರಾಜ್ಞಿ ಫೌಸ್ಟೀನಾಳ ಪ್ರಾಚೀನ ಶಿಲ್ಪವನ್ನು ಮಾಂತುವಾದ ರಾಣಿ ಇಸಬೆಲ್ಲಾ ದೆಸ್ತೆಗೆ ನೂರು ಡುಕಾಟ್‌ಗೆ ಕೊಡಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ.

ನಿವೃತ್ತ ವೈದ್ಯ:

ಈ ಚರ್ಚೆಯಲ್ಲಿ ಪ್ಲೇಗಿನ ಮಾತು ಬಂದುದರಿಂದ ನಾಲ್ಕು ಮಾತು ಸೇರಿಸುವ ಧೈರ್ಯ ಮಾಡುತ್ತೇನೆ. ಬಾಣದ ಗಾಯಗಳು ಪ್ಲೇಗಿನ ಗಡ್ಡೆಗಳನ್ನು ಹೋಲುತ್ತವೆ, ಹಾಗಾಗಿ ಸೆಬಾಸ್ಟಿಯನ್ ಪ್ಲೇಗಿನ ಸಂತನಾದ ಎಂಬ ವಿವರಣೆಯನ್ನು ಅನೇಕ ಕಡೆ ಓದಿದ್ದೇನೆ. ವೈದ್ಯನಾಗಿ ನನಗೆ ಇದು ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಪ್ಲೇಗಿನ ಗಡ್ಡೆ ಏಳುವುದು ತೊಡೆಸಂದಿ, ಕಂಕುಳು, ಕುತ್ತಿಗೆಗಳಲ್ಲಿ, ಅಂದರೆ ದುಗ್ಧಗ್ರಂಥಿಗಳಿರುವ ಜಾಗಗಳಲ್ಲಿ. ಹೆಚ್ಚಿನ ಚಿತ್ರಗಳಲ್ಲಿ ಬಾಣಗಳು ಎದೆ, ಹೊಟ್ಟೆ, ತೊಡೆಗಳಿಗೆ ನೆಟ್ಟಿರುತ್ತವೆ. ಗಡ್ಡೆಯನ್ನೇ ಬೆರಳಿಟ್ಟು ತೋರಿಸುವ ಸಂತ ಬೇರೆ ಇದ್ದಾನೆ, ಅವನೇ ರಾಕ್. ಅವನು ತೊಡೆಯ ಬಟ್ಟೆ ಸರಿಸಿ ಹುಣ್ಣನ್ನು ತೋರಿಸುತ್ತಾನೆ. ಇಬ್ಬರೂ ಒಟ್ಟಿಗೆ ನಿಂತಿರುವ ಚಿತ್ರಗಳು ಬೇಕಾದಷ್ಟಿವೆ.

ಬಾಣವೆಂದರೆ ಗಾಯ ಎನ್ನುವುದಕ್ಕಿಂತ, ಎಲ್ಲಿಂದ ಬಂತೆಂದು ತಿಳಿಯದ ಪೆಟ್ಟು ಎಂದು ತಿಳಿಯುವುದು ಹೆಚ್ಚು ಸರಿ. ಹೋಮರನ ಕಾವ್ಯದ ಆರಂಭದಲ್ಲೇ ಅಪೊಲೊ ದೇವತೆ ಬಾಣಗಳನ್ನು ಸುರಿಸಿ ಗ್ರೀಕರ ಪಾಳೆಯಕ್ಕೆ ಪಿಡುಗನ್ನು ತರುತ್ತಾನೆ. ಬೈಬಲ್ಲಿನ 91ನೆಯ ಕೀರ್ತನೆಯಲ್ಲಿ ಹಗಲಲ್ಲಿ ಹಾರಿಬರುವ ಬಾಣ ಮತ್ತು ಕತ್ತಲಲ್ಲಿ ನಡೆದಾಡುವ ವ್ಯಾಧಿ ಒಂದರ ಪಕ್ಕ ಒಂದು ಬರುತ್ತವೆ. ಬೆಳಿಗ್ಗೆ ಚೆನ್ನಾಗಿದ್ದವನು ಎರಡು ದಿನಕ್ಕೆ ಹೆಣವಾಗುವುದನ್ನು ಕಂಡವರಿಗೆ, ರೋಗಾಣು, ಇಲಿ, ಚಿಗಟ ಯಾವುದರ ಕಲ್ಪನೆಯೂ ಇಲ್ಲದವರಿಗೆ, ಬಾಣಕ್ಕಿಂತ ಸರಿಯಾದ ಹೋಲಿಕೆ ಇನ್ನಾವುದಿತ್ತು? ಯೆರ್ಸಿನ್ ಎಂಬ ವಿಜ್ಞಾನಿ ಆ ರೋಗಾಣುವನ್ನು ಗುರುತಿಸಿದ್ದು 1894ರಲ್ಲಿ.

ಇನ್ನೂ ಒಂದು ಸಂಗತಿಯಿದೆ. ಸೆಬಾಸ್ಟಿಯನ್‌ಗೂ ಪ್ಲೇಗಿಗೂ ನಂಟು ಹಾಕಿದ ಹಳೆಯ ಕಥೆ ಪಾವಿಯಾ ನಗರದ್ದು, 680ನೆಯ ಇಸವಿಯದು. ಲೊಂಬಾರ್ಡರ ಚರಿತ್ರೆ ಬರೆದ ಪೌಲ ಡೀಕನ್ ಅದನ್ನು ಹೀಗೆ ಹೇಳುತ್ತಾನೆ: ರಾತ್ರಿ ಇಬ್ಬರು ದೂತರು ಬೀದಿಯಲ್ಲಿ ನಡೆಯುತ್ತಾರೆ, ಒಳ್ಳೆಯ ದೂತನ ಅಪ್ಪಣೆಯಂತೆ ಕೆಟ್ಟ ದೂತ ಭರ್ಜಿಯಿಂದ ಒಂದು ಮನೆಯ ಬಾಗಿಲನ್ನು ಎಷ್ಟು ಸಲ ಬಡಿಯುತ್ತಾನೋ ಬೆಳಗಾಗುವಷ್ಟರಲ್ಲಿ ಆ ಮನೆಯಲ್ಲಿ ಅಷ್ಟು ಜನ ಸಾಯುತ್ತಾರೆ. ಕೊನೆಗೆ ಅಲ್ಲಿನ ಇಗರ್ಜಿಯೊಂದರಲ್ಲಿ ಸೆಬಾಸ್ಟಿಯನ್‌ಗೆ ಬಲಿಪೀಠ ಕಟ್ಟಿ, ರೋಮಿನಿಂದ ಅವನ ಅವಶೇಷ ತಂದಿಟ್ಟ ಮೇಲೆ ಪಿಡುಗು ನಿಲ್ಲುತ್ತದೆ. ಈ ಕಥೆಯಲ್ಲಿ ಬಾಗಿಲು ಬಡಿಯುವ ಭರ್ಜಿಯಿದೆಯೇ ಹೊರತು ಸೆಬಾಸ್ಟಿಯನ್‌ನ ಬಾಣಗಳ ಮಾತೇ ಇಲ್ಲ.

ಪ್ರಶ್ನಾರ್ಥಕ:

ಎಲ್ಲರೂ ದಂತಕಥೆಯನ್ನೇ ಚರಿತ್ರೆಯಂತೆ ಹೇಳುತ್ತಿರುವುದರಿಂದ ಸ್ವಲ್ಪ ತಡೆಯಬೇಕೆನಿಸುತ್ತದೆ. ಸೆಬಾಸ್ಟಿಯನ್ ಬಗ್ಗೆ ಗಟ್ಟಿಯಾಗಿ ಹೇಳಬಹುದಾದದ್ದು ಬಹಳ ಸ್ವಲ್ಪ. 354ನೆಯ ಇಸವಿಯ ರೋಮನ್ ಹುತಾತ್ಮರ ಪಟ್ಟಿಯಲ್ಲಿ ಜನವರಿ 20ರಂದು ಅವನ ಹೆಸರಿದೆ. ಸಮಾಧಿಯಿದ್ದದ್ದು ರೋಮಿನ ಆಪ್ಪಿಯನ್ ಹೆದ್ದಾರಿಯ ಬಳಿಯ ನೆಲಮಾಳಿಗೆಯ ಸ್ಮಶಾನದಲ್ಲಿ. ಅವನು ಮಿಲಾನಿನವನೆಂದು 4ನೆಯ ಶತಮಾನದಲ್ಲಿ ಅಲ್ಲಿನ ಬಿಷಪ್ಪನಾಗಿದ್ದ ಸಂತ ಅಂಬ್ರೋಸ್ ಹೇಳಿದ್ದಾನೆ. ಬಾಣ, ಐರೀನ್, ದೊಣ್ಣೆ, ಒಡೆದ ವಿಗ್ರಹಗಳು ಎಲ್ಲವೂ ಆಮೇಲೆ ಬೆಳೆದ ಕಥೆ.

ಮುಖವೂ ಹಾಗೆಯೇ ಬೆಳೆದದ್ದು, ಅಥವಾ ಎಳೆಯದಾದದ್ದು ಎನ್ನಬೇಕು. ರೋಮಿನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಇಗರ್ಜಿಯಲ್ಲಿ 7ನೆಯ ಶತಮಾನದ ಒಂದು ಮೊಸಾಯಿಕ್ ಇದೆ. ಅದರಲ್ಲಿ ಅವನು ನೆರೆತ ಗಡ್ಡದ ಮುದುಕ, ಮೈತುಂಬ ಬಟ್ಟೆ, ಒಂದು ಬಾಣವೂ ಇಲ್ಲ. ಎಂಟು ನೂರು ವರ್ಷಗಳಲ್ಲಿ ಆ ಮುದುಕ ಗಡ್ಡವಿಲ್ಲದ, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿದ ಯುವಕನಾದ. ಇದಕ್ಕೆ ಭಕ್ತಿಯೊಂದೇ ಕಾರಣವೇ? ಪ್ರಾಚೀನ ಶಿಲ್ಪಗಳಂಥ ಬೆತ್ತಲೆ ಮೈಯನ್ನು ಇಗರ್ಜಿಯ ಒಳಗೆ ಬರೆಯಲು ಕಲಾವಿದರಿಗೆ ಒಂದು ನೆವ ಬೇಕಿತ್ತು, ಸೆಬಾಸ್ಟಿಯನ್ ಆ ನೆವವಾದ ಎಂದು ನನ್ನ ಅಭಿಪ್ರಾಯ. ಮುಂದೆ ಸನ್ಯಾಸಿ-ಚಿತ್ರಕಾರ ಫ್ರಾ ಬಾರ್ತೊಲೊಮೆಯೊ ಬರೆದ ಸೆಬಾಸ್ಟಿಯನ್‌ನನ್ನು ನೋಡಿ ಹೆಂಗಸರ ಮನಸ್ಸು ಕೆಡುತ್ತಿದೆಯೆಂದು ತಪ್ಪೊಪ್ಪಿಗೆಯಲ್ಲಿ ತಿಳಿದು, ಸನ್ಯಾಸಿಗಳು ಚಿತ್ರವನ್ನೇ ತೆಗೆಸಿದರೆಂಬ ಕಥೆಯನ್ನು ಅದೇ ವಸಾರಿ ಹೇಳುತ್ತಾನೆ.

ಕುಂಚ-ಮಸಿ:

ನಾನು ಚಿತ್ರ ಬರೆಯುವವನು, ಹಾಗಾಗಿ ವಸ್ತುವಿನ ಕಡೆಯಿಂದ ನೋಡುತ್ತೇನೆ. ಪ್ರಶ್ನಾರ್ಥಕರ ‘ನೆವ’ದ ವಾದದಲ್ಲಿ ಹುರುಳಿದೆ, ಆದರೆ ಅದು ವಿಯೆನ್ನಾದ ಹಲಗೆಗೆ ಸಲ್ಲುವುದಿಲ್ಲ. ಮೈಯ ಸೊಬಗನ್ನು ಮೆರೆಸಬೇಕೆಂದವನು ಅದನ್ನು ಒಂದೂವರೆ ಮೊಳಕ್ಕೆ ಇಳಿಸುವುದಿಲ್ಲ.

ಇದು ಟೆಂಪೆರಾ, ಅಂದರೆ ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸಿ ಬರೆಯುವ ಕ್ರಮ. ನಾನೂ ಕೆಲವು ವರ್ಷ ಇದರಲ್ಲಿ ಕೈಯಾಡಿಸಿದ್ದೇನೆ. ಹಳದಿಯ ಉಂಡೆಯನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ ಬಿಳಿಲೋಳೆಯನ್ನು ಒರೆಸಿ, ಮೇಲಿನ ಪೊರೆಯನ್ನು ಚಿವುಟಿ ಹಿಡಿದು ತೂತು ಮಾಡಿ ಒಳಗಿನದನ್ನು ಮಾತ್ರ ಬಟ್ಟಲಿಗೆ ಇಳಿಸಬೇಕು. ಬಣ್ಣ ಬಳಿದ ಕೆಲವೇ ಕ್ಷಣಗಳಲ್ಲಿ ಒಣಗಿಬಿಡುತ್ತದೆ. ಎಣ್ಣೆಬಣ್ಣದ ಹಾಗೆ ಒಂದನ್ನೊಂದರೊಳಗೆ ತೀಡಿ ಬೆರೆಸಲು ಬರುವುದಿಲ್ಲ. ನೆರಳಿನಿಂದ ಬೆಳಕಿಗೆ ಬರಬೇಕಾದರೆ ಕೂದಲೆಳೆಯಂಥ ಗೆರೆಗಳನ್ನು ಒಂದರ ಪಕ್ಕ ಒಂದು ನೂರಾರು ಎಳೆಯುತ್ತ ಹೋಗಬೇಕು. ಮಾಂತೆನ್ಯಾನ ಮೈಗಳು ಕಲ್ಲಿನಂತೆ ಕಾಣುವುದರಲ್ಲಿ ಅವನ ಸ್ವಭಾವದ ಪಾಲು ಎಷ್ಟಿದೆಯೋ ಈ ಸಾಮಗ್ರಿಯ ಪಾಲೂ ಅಷ್ಟಿದೆ. ಅಂಚು ಮಸುಕಾಗಲು ಅದು ಸುಲಭಕ್ಕೆ ಬಿಡುವುದಿಲ್ಲ.

ಹೋಲಿಕೆಗೆ ಡ್ರೆಸ್ಡೆನ್‌ನಲ್ಲಿರುವ ಆಂತೊನೆಲ್ಲೊ ದಾ ಮೆಸ್ಸೀನಾನ ಸೆಬಾಸ್ಟಿಯನ್‌ನನ್ನು ನೋಡಿ. 1478ರ ಸುಮಾರಿನದು, ವೆನಿಸ್‌ನಲ್ಲಿ ಪ್ಲೇಗಿದ್ದ ಕಾಲದ್ದೇ. ಸಾನ್ ಜೂಲಿಯಾನೊ ಇಗರ್ಜಿಯ ಬಲಿಪೀಠಕ್ಕೆಂದು ಬರೆದದ್ದು. 171 ಸೆಂ.ಮೀ. ಎತ್ತರ. ಎಣ್ಣೆಬಣ್ಣ. ಮೈ ನುಣುಪಾಗಿ, ಬೆಚ್ಚಗೆ ಕಾಣುತ್ತದೆ. ಮಧ್ಯಾಹ್ನದ ಬಿಸಿಲು ಅದರ ಮೇಲೆ ಜಾರುತ್ತದೆ. ಹಿಂದೆ ವೆನಿಸ್‌ನ ಮನೆಗಳು, ಮಹಡಿಯ ಕಟಕಟೆಗೆ ಹಾಸಿದ ರತ್ನಗಂಬಳಿಗಳು, ಅಲ್ಲಿಂದ ಬಗ್ಗಿ ನೋಡುವ ಹೆಂಗಸರು. ಒಬ್ಬ ಕಾವಲುಗಾರ ನೆಲದ ಮೇಲೆ ಕಾಲು ನಮ್ಮ ಕಡೆ ಚಾಚಿ ಮಲಗಿ ನಿದ್ದೆ ಹೋಗಿದ್ದಾನೆ. ಬಾಣಗಳು ಕೆಲವೇ. ಸಂತನ ಮುಖದಲ್ಲಿ ನೋವಿನ ಗುರುತೂ ಇಲ್ಲದಷ್ಟು ಕಡಿಮೆ. ಚಿತ್ರವಾಗಿ ಅದು ಮಾಂತೆನ್ಯಾನದಕ್ಕಿಂತ ಸುಂದರ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಅದು ಒಂದು ಸಂಘದವರು ಗುಂಪಾಗಿ ಸೇರಿ ದೂರದಿಂದ ನೋಡುವ ಚಿತ್ರ.

ವಿಯೆನ್ನಾದ ಹಲಗೆ ಅಂಥದ್ದಲ್ಲ. ಒಬ್ಬನೇ, ಹತ್ತಿರ ನಿಂತು, ದೀಪ ಹಿಡಿದು ನೋಡುವಂಥದ್ದು. ದಾರಿಹೋಕರು ಮ್ಯೂಸಿಯಂನಲ್ಲಿ ಎಷ್ಟು ದೂರ ನಿಂತಿದ್ದರು ಎಂದು ತಿಳಿಯುವ ಕುತೂಹಲವಿದೆ.

ದಾರಿಹೋಕ:

ಕುಂಚ-ಮಸಿಯವರೇ, ಮೂರು ಹೆಜ್ಜೆ ದೂರ ಇದ್ದೆನೆಂದು ನೆನಪು. ಮುಂದೆ ಒಂದು ಶಾಲೆಯ ಮಕ್ಕಳ ಗುಂಪಿತ್ತು, ನಾನು ಅವರ ತಲೆಗಳ ಮೇಲಿನಿಂದ ನೋಡಿದೆ. ಹತ್ತಿರ ಹೋಗುವಷ್ಟರಲ್ಲಿ ಹೊರಡುವ ಹೊತ್ತಾಗಿತ್ತು. ವಿಗ್ರಹಗಳ ವಿಷಯದಲ್ಲಿ ಹಳೆಯ ನಾಣ್ಯದವರ ಮಾತನ್ನು ಒಪ್ಪುತ್ತೇನೆ. ಕ್ರೊಮಾಟಿಯಸ್‌ನ ಪ್ರಸಂಗ ನನಗೆ ತಿಳಿದಿರಲಿಲ್ಲ. ಆದರೆ ಮೋಡದ ಸವಾರನನ್ನು ಯಾರೂ ಮುಟ್ಟಲಿಲ್ಲ. ಅವನು ಕಥೆಯೊಳಗಿನವನಲ್ಲ. ಅವನು ಕಣ್ಣಿಗೆ ಬಿದ್ದ ಮೇಲೆ ಸಂತನ ಕಡೆ ಮರಳುವುದು ಕಷ್ಟವಾಗುತ್ತದೆ.

ಹಳೆಯ ನಾಣ್ಯ:

ಸವಾರನ ಬಗ್ಗೆ ಎಲ್ಲರೂ ಒಪ್ಪುವ ವಿವರಣೆ ಇಲ್ಲ. ಕುಡುಗೋಲು ಹಿಡಿದ, ಕಾಲದ ಸಂಕೇತವಾದ ಸ್ಯಾಟರ್ನ್ ದೇವತೆ ಎಂದು ಒಂದು ಪಕ್ಷ. ಬೈಬಲ್ಲಿನ ಕೊನೆಯ ಗ್ರಂಥದಲ್ಲಿ ಬಿಲ್ಲು ಹಿಡಿದು ಬಿಳಿ ಕುದುರೆಯೇರಿ ಬರುವ ಸವಾರನೆಂದು ಇನ್ನೊಂದು ಪಕ್ಷ. ಎರಡನೆಯದನ್ನು ಒಪ್ಪಿದರೆ ಪಿಡುಗಿನ ಸಂದರ್ಭಕ್ಕೆ ಹೊಂದುತ್ತದೆ. ಆದರೆ ಈ ಮೋಡದ ಸವಾರನ ಕೈಯಲ್ಲಿ ಬಿಲ್ಲು ಹುಡುಕಿದರೆ ನನಗಂತೂ ಕಾಣುವುದಿಲ್ಲ.

ನನ್ನ ಒಲವು ಬೇರೆಯ ಕಡೆಗಿದೆ. ಫಿಲೊಸ್ಟ್ರಾಟಸ್ ಎಂಬ ಗ್ರೀಕ್ ಲೇಖಕನ ಕೃತಿಯಲ್ಲಿ ಅಪೊಲೋನಿಯಸ್ ಎಂಬ ತತ್ವಜ್ಞಾನಿ ತನ್ನ ಶಿಷ್ಯನನ್ನು, ಮೋಡಗಳಲ್ಲಿ ಕಾಣುವ ಕುದುರೆ ಮುಂತಾದ ಆಕಾರಗಳನ್ನು ಬರೆದವರು ಯಾರು, ದೇವರೇ ಚಿತ್ರಕಾರನೇ ಎಂದು ಕೇಳುತ್ತಾನೆ. ದೇವರು ಹಾಗೆ ಮಕ್ಕಳಾಟ ಆಡುವುದಿಲ್ಲ, ಆಕಾರವನ್ನು ಹೊಂದಿಸುವುದು ನಮ್ಮ ಮನಸ್ಸೇ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಪಾದುವಾದ ಪಂಡಿತರ ನಡುವೆ ಬೆಳೆದ ಮಾಂತೆನ್ಯಾನಿಗೆ ಈ ಪ್ರಶ್ನೆ ಹೊಸದಾಗಿರಲಾರದು. ನಲವತ್ತು ವರ್ಷಗಳ ಬಳಿಕ ಇಸಬೆಲ್ಲಾಳಿಗಾಗಿ ಬರೆದ ಚಿತ್ರದ ಮೋಡಗಳಲ್ಲೂ ಮನುಷ್ಯರ ಮುಖಗಳನ್ನು ಅಡಗಿಸಿದ್ದಾನೆ, ಅಂದರೆ ಇದು ಅವನ ಜೀವಮಾನದ ಚಪಲ. ಚಪಲ ಎಂದು ಗೌರವದಿಂದಲೇ ಹೇಳುತ್ತಿದ್ದೇನೆ.

ಗ್ರೀಕ್ ಸಹಿ, ಮೋಡದ ಸವಾರ ಎರಡೂ ಕಲಿತ ಗೆಳೆಯರ ನಡುವಿನ ಕಣ್ಸನ್ನೆಗಳು ಎಂಬುದನ್ನು ದಾರಿಹೋಕರ ಸಮಾಧಾನಕ್ಕಾಗಿ ಮುಚ್ಚಿಡಲಾರೆ. 1464ರಲ್ಲಿ ಮಾಂತೆನ್ಯಾನೂ ಅವನ ಮೂವರು ಗೆಳೆಯರೂ ಗಾರ್ದಾ ಸರೋವರದ ಸುತ್ತ ಹಳೆಯ ಶಾಸನಗಳನ್ನು ಹುಡುಕುತ್ತ ದೋಣಿಯಲ್ಲಿ ತಿರುಗಿ, ಅದೇ ಪ್ರವಾಸದ ಕೊನೆಗೆ ಮಾತೆ ಮರಿಯಳ ಇಗರ್ಜಿಗೆ ಹೋಗಿ ಸ್ತುತಿ ಸಲ್ಲಿಸಿದರು. ಶಾಸನದ ಹುಚ್ಚು ಬೇರೆ, ಪ್ರಾರ್ಥನೆ ಬೇರೆ ಎಂಬ ಎರಡು ಗೂಡು ಅವರ ತಲೆಯಲ್ಲಿರಲಿಲ್ಲ.

ಕಡಲಕರೆ:

ಮಾಂತೆನ್ಯಾ ಇದೇ ಸಂತನನ್ನು ಇನ್ನೆರಡು ಸಲ ಬರೆದಿದ್ದಾನೆ ಎಂಬುದನ್ನು ಇಲ್ಲಿ ಸೇರಿಸಲೇಬೇಕು, ಏಕೆಂದರೆ ದಾರಿಹೋಕರ ಪ್ರಶ್ನೆಗೆ ಅವನೇ ಐವತ್ತು ವರ್ಷ ಉತ್ತರ ಹುಡುಕಿದಂತಿದೆ.

ಎರಡನೆಯದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. 1480ರ ಸುಮಾರಿನದು, 255 ಸೆಂ.ಮೀ. ಎತ್ತರ. 1481ರಲ್ಲಿ ಮಾಂತುವಾದ ದೊರೆಮನೆತನದ ಕಿಯಾರಾ ಗೊನ್ಜಾಗಾ ಫ್ರಾನ್ಸಿನ ಗಿಲ್ಬೆರ್ ದ ಬೂರ್ಬೊನ್‌ನನ್ನು ಮದುವೆಯಾದ ನಂಟಿನಿಂದ ಅದು ಓವೆರ್ನ್ಯ ಪ್ರಾಂತದ ಎಗ್‌ಪೆರ್ಸ್ ಎಂಬ ಊರಿನ ಇಗರ್ಜಿಗೆ ಹೋಯಿತೆಂದು ನಂಬಲಾಗಿದೆ. ಅಲ್ಲಿ ಸಂತ ಎತ್ತರದಲ್ಲಿದ್ದಾನೆ. ನಾವು ಅವನ ಪಾದದ ಮಟ್ಟದಿಂದ ತಲೆಯೆತ್ತಿ ನೋಡುತ್ತೇವೆ. ಆ ಪಾದದ ಪಕ್ಕದಲ್ಲೇ ಶಿಲ್ಪವೊಂದರ ಮುರಿದ ಪಾದ ಬಿದ್ದಿದೆ. ಒಂದು ಕಲ್ಲು, ಒಂದು ಮಾಂಸ. ಸ್ಕ್ವಾರ್ಚೋನೆ ಗುರುವಿಗೆ ಇಷ್ಟು ತಡವಾಗಿ ಕೊಟ್ಟ ಉತ್ತರ ಇದೇ ಇರಬೇಕೆಂದು ನನಗೆ ಅನಿಸುವುದುಂಟು. ಕೆಳಗಿನ ಮೂಲೆಯಲ್ಲಿ ಇಬ್ಬರು ಬಿಲ್ಲುಗಾರರು ಅರ್ಧ ಮೈಯಷ್ಟೇ ಕಾಣುವಂತೆ, ಕೆಲಸ ಮುಗಿಸಿ ಹೊರಟವರ ಹಾಗೆ ಇದ್ದಾರೆ.

ಮೂರನೆಯದು ವೆನಿಸ್‌ನ ಕಾ ದೋರೊ ಎಂಬ ಅರಮನೆ-ಮ್ಯೂಸಿಯಂನಲ್ಲಿ. 1506ರಲ್ಲಿ ಅವನು ಸತ್ತಾಗ ಕಾರ್ಯಾಗಾರದಲ್ಲೇ ಉಳಿದಿದ್ದ ಚಿತ್ರಗಳ ಪೈಕಿ ಒಂದು ಸೆಬಾಸ್ಟಿಯನ್ ಇತ್ತೆಂದು ಮಗನ ಪತ್ರದಿಂದ ತಿಳಿಯುತ್ತದೆ, ಅದು ಇದೇ. ಇಲ್ಲಿ ಕಮಾನಿಲ್ಲ, ಮೋಡವಿಲ್ಲ, ಊರಿಲ್ಲ, ಶಿಲ್ಪದ ಚೂರುಗಳಿಲ್ಲ. ಕತ್ತಲೆಯ ಹಿನ್ನೆಲೆ, ಅದನ್ನು ತುಂಬಿಕೊಂಡ ಒಂದು ಮೈ, ಬಾಣಗಳು. ಕೆಳಗೆ ಆರಿಹೋಗುತ್ತಿರುವ ಒಂದು ಮೋಂಬತ್ತಿ, ಅದಕ್ಕೆ ಸುತ್ತಿದ ಪಟ್ಟಿಯ ಮೇಲೆ ಲ್ಯಾಟಿನ್ ಸಾಲು: ದೈವಿಕವಾದುದರ ಹೊರತು ಯಾವುದೂ ಸ್ಥಿರವಲ್ಲ, ಉಳಿದುದೆಲ್ಲ ಹೊಗೆ. ಮೊದಲನೆಯದರಲ್ಲಿ ತನ್ನ ಹೆಸರು ಕೆತ್ತಿದ ಜಾಗಕ್ಕೆ ಕೊನೆಯದರಲ್ಲಿ ಈ ಸಾಲು ಬಂದಿದೆ.

ಪ್ರಶ್ನಾರ್ಥಕ:

ಕಾ ದೋರೊದ ಚಿತ್ರದ ಮುಂದೆ ನನ್ನ ‘ನೆವ’ದ ವಾದ ನಿಲ್ಲುವುದಿಲ್ಲ, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಪೊಲ್ಲಾಯ್ವೊಲೊ ಸಹೋದರರ ಚಿತ್ರದ ಮಟ್ಟಿಗೆ ಅದು ಹಾಗೆಯೇ ಇರಲಿ. 1475ರಲ್ಲಿ ಫ್ಲಾರೆನ್ಸಿನ ಪುಚ್ಚಿ ಮನೆತನದ ಪ್ರಾರ್ಥನಾಮಂದಿರಕ್ಕೆ ಮಾಡಿದ, ಮೂರು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದ ಆ ಚಿತ್ರದಲ್ಲಿ ಆರು ಜನ ಬಿಲ್ಲುಗಾರರಿದ್ದಾರೆ. ಸರಿಯಾಗಿ ನೋಡಿದರೆ ಇರುವ ಭಂಗಿಗಳು ಮೂರೇ. ಒಂದೊಂದನ್ನೂ ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಬರೆದಿದ್ದಾರೆ. ಮುಂದೆ ಬಗ್ಗಿ ಅಡ್ಡಬಿಲ್ಲಿನ ಹೆದೆ ಎಳೆಯುವ ಇಬ್ಬರ ಮೀನಖಂಡದ ಸ್ನಾಯುಗಳನ್ನು ಕಂಡವರು ಮೇಲೆ ಕಟ್ಟಿಹಾಕಿದ ಸಂತನನ್ನು ಮರೆತೇಬಿಡುತ್ತಾರೆ. ಅದು ಗರಡಿಮನೆಯ ಚಿತ್ರ.

ನಿವೃತ್ತ ವೈದ್ಯ:

ಗರಡಿಮನೆ ಎಂದದ್ದು ಸರಿಯಾಗಿದೆ, ಆದರೆ ಆ ಪ್ರಾರ್ಥನಾಮಂದಿರದಲ್ಲಿ ಸೆಬಾಸ್ಟಿಯನ್‌ನ ತೋಳಿನ ಮೂಳೆಯನ್ನು ಇರಿಸಿದ್ದರೆಂಬುದನ್ನೂ ನೆನೆಯಬೇಕು. ಮೂಳೆಯ ಮೇಲಿನ ನಂಬಿಕೆ ಗಟ್ಟಿಯಿರುವಲ್ಲಿ ಚಿತ್ರ ಸ್ವಲ್ಪ ಕಸರತ್ತು ಮಾಡಿದರೂ ಭಕ್ತರಿಗೆ ಅಡ್ಡಿಯಾಗುತ್ತಿರಲಿಲ್ಲ.

ವಿಯೆನ್ನಾದ ಚಿತ್ರದ ಬಗ್ಗೆ ನನಗುಳಿದಿರುವುದು ಒಂದೇ ಮಾತು. ಆ ಬಗೆಯಲ್ಲಿ ಬಾಣ ತಗುಲಿದ ಮನುಷ್ಯ ಮೊಣಕಾಲು ಮಡಿದು ಹಗ್ಗದಲ್ಲಿ ಜೋತುಬೀಳಬೇಕು. ಇವನು ಕಂಬದಷ್ಟೇ ನೆಟ್ಟಗೆ ತನ್ನ ಕಾಲ ಮೇಲೆ ನಿಂತಿದ್ದಾನೆ. ಪಿಡುಗಿನ ಊರಿನಲ್ಲಿ ಮಲಗಿದವರನ್ನೇ ನೋಡಿ ನೋಡಿ ಸಾಕಾದವರಿಗೆ ನಿಂತವನೊಬ್ಬನನ್ನು ತೋರಿಸಿದಂತೆ.

ದಾರಿಹೋಕ:

ಎಲ್ಲರಿಗೂ ಕೃತಜ್ಞತೆಗಳು. ಕುಂಚ-ಮಸಿಯವರ ಪ್ರಶ್ನೆ ಮನಸ್ಸಿನಲ್ಲಿ ಉಳಿದುದರಿಂದ ಒಂದು ಕೆಲಸ ಮಾಡಿದೆ. ಹಳೆಯ ಗೋಡೆ ಕ್ಯಾಲೆಂಡರಿನ ಎರಡು ಹಾಳೆಗಳನ್ನು ಅಂಟಿಸಿ 68ಕ್ಕೆ 30ರ ಅಳತೆಗೆ ಕತ್ತರಿಸಿದೆ. ಮ್ಯೂಸಿಯಂನ ಜಾಲತಾಣದಲ್ಲಿದ್ದ ದೊಡ್ಡ ಪ್ರತಿಯನ್ನು ಮುದ್ರಣದಂಗಡಿಯಲ್ಲಿ ಅದೇ ಅಳತೆಗೆ ತೆಗೆಸಿ ಅದರ ಮೇಲೆ ಅಂಟಿಸಿ, ಕೋಣೆಯ ಗೋಡೆಗೆ ನನ್ನ ಕಣ್ಣಿನ ಮಟ್ಟದಲ್ಲಿ ಅಂಟಿಸಿದೆ. ರಾತ್ರಿ ದೀಪ ಆರಿಸಿ, ಮೋಂಬತ್ತಿಯೊಂದನ್ನು ಹಚ್ಚಿಕೊಂಡು ನೋಡಿದೆ. ಮನೆಯವರು ವಿದ್ಯುತ್ ಹೋಯಿತೇ ಎಂದು ಕೇಳಿದರು.

ಮೂರು ಹೆಜ್ಜೆ ದೂರದಲ್ಲಿ ವಿಯೆನ್ನಾದಲ್ಲಿ ಕಂಡದ್ದೇ ಕಂಡಿತು: ಕಮಾನು, ಕಂಬ, ಬೆಳ್ಳಗಿನ ಮೈ. ಒಂದು ಮೊಳದಷ್ಟು ಹತ್ತಿರಕ್ಕೆ ಹೋದಾಗ ಮೋಂಬತ್ತಿಯ ಬೆಳಕು ಹಲಗೆಯ ಒಂದು ಭಾಗಕ್ಕೆ ಮಾತ್ರ ಸಾಲುತ್ತಿತ್ತು. ಮೋಂಬತ್ತಿಯನ್ನು ಸಂತನ ಮುಖದ ಬಳಿ ಹಿಡಿದರೆ ಮೋಡದ ಸವಾರನೂ ಕೆಳಗಿನ ಕಲ್ಲುಗಳೂ ಕತ್ತಲೆಗೆ ಸರಿದುಬಿಡುತ್ತಿದ್ದವು. ಬಾಯಿ ಸ್ವಲ್ಪ ತೆರೆದಿದೆ, ಹಲ್ಲಿನ ಸಾಲು ಕಾಣುತ್ತದೆ ಎಂಬುದನ್ನು ಮೊದಲ ಸಲ ಗಮನಿಸಿದೆ. ಬೆಳಕನ್ನು ಸ್ವಲ್ಪ ಪಕ್ಕಕ್ಕೆ ತಂದಾಗ ಗ್ರೀಕ್ ಅಕ್ಷರಗಳು ಒಂದೊಂದಾಗಿ ಹೊರಬಂದವು.

ಕುಂಚ-ಮಸಿ:

ಮುದ್ರಿತ ಕಾಗದ ಬೆಳಕನ್ನು ಎಲ್ಲ ಕಡೆಯಿಂದಲೂ ಒಂದೇ ಸಮ ಹಿಂದಿರುಗಿಸುತ್ತದೆ, ಟೆಂಪೆರಾ ಹಾಗಲ್ಲ. ಮುಂದಿನ ಸಲ ವಿಯೆನ್ನಾಕ್ಕೆ ಹೋದರೆ ಶಾಲಾಮಕ್ಕಳು ಹೊರಡುವವರೆಗೆ ಕಾದು, ಕಾವಲುಗಾರರು ಬಿಡುವಷ್ಟು ಹತ್ತಿರಕ್ಕೆ ಹೋಗಿ, ಆ ಹಲ್ಲಿನ ಸಾಲನ್ನು ಎಷ್ಟು ಗೆರೆಗಳಲ್ಲಿ ಮುಗಿಸಿದ್ದಾನೆಂದು ಎಣಿಸಿ ಬಂದು ಇಲ್ಲಿ ಬರೆಯಿರಿ.